ಈರುಳ್ಳಿ ಮತ

ಪೈಪ್ಸಿ ಸರೋವರ ಕಲ್ಲಾಗಿ ಇಂದಿಗೆ ನಲವತ್ತು ದಿನ.
ಈ ದಡ ಎಸ್ತೋನಿಯಾ, ಆ ದಡ ರಷ್ಯಾ,
ನಡುವೆ ತೂತು ಕೊರೆದು ಮೀನಿಗೆ ಕಾಯುವವರು.
ಅವರ ಬಲೂನು ಗಾಲಿಯ ಬಂಡಿಗಳ ರಿಪೇರಿ ನನ್ನ ಕಸುಬು.
ನಾಲ್ಕಕ್ಕೇ ಕತ್ತಲು. ಶೆಡ್ಡಿನ ಒಲೆ ಹೊತ್ತಿಸಿ
ಗ್ರೀಸಿನ ಕೈ ಒರೆಸಿ ಹಳೇ ಲ್ಯಾಪ್‌ಟಾಪು ತೆರೆದು
ರಾಜನಾಗುತ್ತೇನೆ.

ದೊಡ್ಡ ರಾಜನೇನಲ್ಲ.
ಮೂರು ಊರು. ಒಂದು ಬೆಟ್ಟ, ಒಂದು ಕೆರೆ,
ಆರು ಮೂಲೆಯ ಮನೆ ಎರಡರಲ್ಲಿ ಕುರಿ,
ಕಬ್ಬಿಣವಂತೂ ಇಲ್ಲವೇ ಇಲ್ಲ.
ನೆರೆಯಲ್ಲಿ ಹನ್ನೊಂದು ಊರಿನ ಚಕ್ರವರ್ತಿ,
ಅವನ ಕುದುರೆಗಳು ನನ್ನ ಗಡಿಯಲ್ಲೇ ಮೇಯುತ್ತವೆ.
ನಾನು ಕತ್ತಿ ಮಾಡಿಸಲಿಲ್ಲ. ಪ್ರಾರ್ಥನೆಯ ಮನೆ ಕಟ್ಟಿಸಿದೆ.
ಸರದಿಗಿಷ್ಟರಂತೆ ಹನಿಹನಿ ಕೂಡುವುದು ಭಕ್ತಿ,
ಪರದೆಯ ಮೂಲೆಯಲ್ಲಿ, ಬಿಳಿ ಅಂಕಿಯಲ್ಲಿ:
ಆರು, ಹದಿನಾಲ್ಕು, ಇಪ್ಪತ್ತೆರಡು.
ಹೀಗೆ ಎಣಿಸಬಹುದೆಂದು ಗೊತ್ತಿದ್ದರೆ ನಮ್ಮಜ್ಜ
ಮೊಣಕಾಲು ಅಷ್ಟೊಂದು ಸವೆಸುತ್ತಿರಲಿಲ್ಲ.

'ನಿನ್ನ ಮತಕ್ಕೆ ಹೆಸರಿಡು' ಎಂದಿತು ಆಟ.
ತೋಚಿದ್ದು ಬರೆದೆ: ಈರುಳ್ಳಿ.
ನಗಬೇಡಿ. ನಮ್ಮ ಬೀದಿ ಬೆಳೆದದ್ದು ಅದನ್ನೇ,
ಮಾರಿದ್ದು ಅದನ್ನೇ, ಜಡೆ ಹೆಣೆದು
ಒಲೆಯ ಮೇಲೆ ತೂಗುಬಿಟ್ಟದ್ದು ಅದನ್ನೇ.
ಮೇಲಾಗಿ ಹೆಚ್ಚಿದರೆ ಕಣ್ಣೀರಂತೂ ಖಾತ್ರಿ;
ಎಷ್ಟು ಮತಗಳು ಅಷ್ಟಾದರೂ ಖಾತ್ರಿ ಕೊಡುತ್ತವೆ?

ಬೋಧಕನ ಬೆಲೆ ನೂರೈವತ್ತು ಭಕ್ತಿ.
ಗುಂಡಿ ಒತ್ತಿದೆ, ಬಂದೇಬಿಟ್ಟ:
ಬಿಳಿ ನಿಲುವಂಗಿ, ಕೋಲು, ಮೂರು ಬೋಧನೆಯ ಆಯುಸ್ಸು.
ಮೂರನೆಯದು ಮುಗಿದರೆ ಗಾಳಿಯಲ್ಲಿ ಕರಗುತ್ತಾನೆ.
ನಮ್ಮವರಲ್ಲಿ ಪಾದ್ರಿಯೇ ಇಲ್ಲ. ಮುನ್ನೂರು ವರ್ಷ
ಪಾದ್ರಿಯಿಲ್ಲದೇ ಹುಟ್ಟಿ, ಹಾಡಿ, ಮಣ್ಣಾದವರು ನಾವು.
ಎರಡೇ ಬೆರಳಲ್ಲಿ ಶಿಲುಬೆ ಹಾಕುವ ಹಟಕ್ಕೆ
ಊರು ಬಿಟ್ಟು ನೀರು ದಾಟಿದವರು.
ಮೌಸಿನ ಮೇಲೂ ನನಗೆ ಎರಡೇ ಬೆರಳು.

ಮೊನ್ನೆ ಫೆವ್ರೋನ್ಯಾ ಬಂದಳು, ಪ್ರಾರ್ಥನೆ ನಡೆಸುವವಳು,
ಎಪ್ಪತ್ತೆಂಟು, ಗದ್ದದಡಿ ಪಿನ್ನು ಚುಚ್ಚಿದ ಕರಿಯ ವಸ್ತ್ರ,
ತನ್ನ ಬಂಡಿಯ ಬೆಲ್ಟು ಹರಿಯಿತು ಎನ್ನುತ್ತಾ.
ಕನ್ನಡಕ ಏರಿಸಿ ಪರದೆ ನೋಡಿದಳು.
'ಯಾರವರು, ಸವ್ವಾತೀ?'
'ನನ್ನ ಭಕ್ತರು.'
'ಎಷ್ಟು ಮಂದಿ?'
'ಹತ್ತೊಂಬತ್ತು.'
ಸುಮ್ಮನೆ ಬೆರಳು ಮಡಿಸಿದಳು. ಭಾನುವಾರ ನಾವು ಏಳು,
ಕಾಲುನೋವಿನ ಕ್ಲಿಮೆಂತಿ ಬಂದರೆ ಎಂಟು.
'ಉಪವಾಸ ಮಾಡ್ತಾರಾ?'
'ಆಟ ಅದನ್ನೆಲ್ಲ ಕೇಳಲ್ಲ.'
'ಮತ್ತೆ, ಹತ್ತೊಂಬತ್ತಾಗದೆ ಏನು' ಎಂದು
ಹೊಸ ಬೆಲ್ಟು ಹೆಗಲಿಗೆ ಹಾಕಿಕೊಂಡು ಹೋದಳು.

ನೂರಾ ಎಂಬತ್ತನೆಯ ಸರದಿ.
ಚಕ್ರವರ್ತಿ ಮೀಸೆಯಡಿ ನಕ್ಕು ಓಲೆ ಕಳಿಸಿದ:
ನನ್ನ ಮತ ತಗೋ, ಊರು ಉಳಿಸಿಕೋ.
'ಒಪ್ಪಿದೆ'ಗೊಂದು ಗುಂಡಿ. 'ಇಲ್ಲ'ಕ್ಕೊಂದು ಗುಂಡಿ.
ಎಂಥ ನಾಜೂಕು! ನಮ್ಮ ಹಿರಿಯರನ್ನು
ಹೀಗೆ ಗುಂಡಿ ತೋರಿಸಿ ಯಾರೂ ಕೇಳಲಿಲ್ಲ.
ಗಡ್ಡಕ್ಕೆ ತೆರಿಗೆ ಹಾಕಿದರು,
ಗಂಟೆಯ ನಾಲಿಗೆ ಕಟ್ಟಿದರು.
ಚಹಾ ಆರಿತು. ಒಲೆಗೊಂದು ಕೊರಡು ತುರುಕಿ ಬಂದು
'ಇಲ್ಲ' ಒತ್ತಿದೆ.

ಎಂಟೇ ಸರದಿ. ಬೆಟ್ಟದ ಊರು ಹೋಯಿತು,
ಹಿಂದೆಯೇ ಕುರಿಯೂರು.
ಉಳಿಸಿಟ್ಟ ಹಳೆಯ ಕಡತ ತೆರೆದು
ಹಿಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ.
ಅಂಥ ಕಡತ ಯಾರ ಬಳಿಯಿತ್ತು,
ಆ ಕಾಲದಲ್ಲಿ, ಈ ನೀರು ದಾಟುವಾಗ?
ಸುಮ್ಮನೆ, ಸೋತವನ ಕುತೂಹಲ,
ಅವನ ರಾಜಧಾನಿಯ ಮೇಲೆ ಬಾಣ ಇಟ್ಟು ನೋಡಿದೆ:
ಜನ ಇಪ್ಪತ್ತು. ಅವನ ಮತ ಒಂಬತ್ತು.
ಈರುಳ್ಳಿ ಹನ್ನೊಂದು.

ಎಂದೋ ಕಳಿಸಿದ್ದೆ ಅಲ್ಲಿಗೊಬ್ಬನನ್ನು,
ಮೂರು ಮಾತಾಡಿ ಕರಗಿಹೋದವನು.
ಮರೆತೇಬಿಟ್ಟಿದ್ದೆ.

ಹೊರಗೆ ಮಂಜುಗಡ್ಡೆ ಬಿರಿಯುವ ಸದ್ದು,
ದೂರದಲ್ಲಿ ಯಾರದೋ ಬಂಡಿಯ ಒಂಟಿ ದೀಪ.
ನಾಳೆ ಭಾನುವಾರ. ಕ್ಲಿಮೆಂತಿಯನ್ನು
ಕೂರಿಸಿಕೊಂಡು ಬರುತ್ತೇನೆಂದು ಒಪ್ಪಿದ್ದೇನೆ.
ಹಿಮ ಜಾಸ್ತಿಯಾದರೆ ಗಾಲಿಯ ಗಾಳಿ ಇಳಿಸಬೇಕು,
ಅವನ ಕಾಲಿಗೊಂದು ಕಂಬಳಿ ಬೇಕು.
ಮೂಲೆಯಲ್ಲಿ ಮಿನುಗುತ್ತಲೇ ಇದೆ
ಮುಂದಿನ ಸರದಿ, ಮುಂದಿನ ಸರದಿ.
ಇರು ಮಾರಾಯ,
ಬೂಟು ಎಲ್ಲಿ ಬಿಟ್ಟೆನೋ ನೋಡ್ತಿದೀನಿ.