ಹಿಂದಿನ ಬೆಂಚು

ಮೊದಲ ವರ್ಷ ನನ್ನ ಚೀಲದಲ್ಲಿ
ನಲವತ್ತೆರಡು ಕಲಮಿನ ತಪಾಸಣೆ ನಮೂನೆ.
ಪುನೋದಿಂದ ಹಾಲಿನ ಲಾರಿಯಲ್ಲಿ ಮೂರು ತಾಸು,
ಆಮೇಲೆ ಕಾಲ್ನಡಿಗೆ, ಮೂಗಿನ ತುದಿ ಮರಗಟ್ಟುವವರೆಗೆ.
ಮೂರು ತರಗತಿ, ಒಂದೇ ಕೋಣೆ, ಹನ್ನೊಂದು ಉಣ್ಣೆ ಟೋಪಿ,
ಒಬ್ಬಳೇ ಸತುರ್ನೀನಾ ಟೀಚರು.

ಭಿನ್ನರಾಶಿಯ ನಡುವೆ ಅವಳು ತಡವರಿಸಿದಳು.
ನಾನು ಎದ್ದುಹೋಗಿ
ಅವಳ ಕೈಯ ಸೀಮೆಸುಣ್ಣ ತೆಗೆದುಕೊಂಡೆ.
ಪಾಠ ಚೆನ್ನಾಗಿಯೇ ಆಯಿತು. ಅದೇ ತಪ್ಪು.
ಮಕ್ಕಳು ನನ್ನನ್ನು ನೋಡಿದರು,
ಅವಳು ತನ್ನ ಬೆರಳಿಗಂಟಿದ ಪುಡಿಯನ್ನು.

ಬೈಯಬಹುದಿತ್ತು. ಬಿಸಿ ಸೂಪು ಕೊಟ್ಟು
ರಸ್ತೆಯ ತನಕ ಬಂದು ಬಿಟ್ಟುಹೋದಳು.

ಮರುವರ್ಷ ಅಂದೆ: ಇವತ್ತು ನಾನು ಕಲಿಸುವೆ, ನೀವು ಬರೆದುಕೊಳ್ಳಿ.
ಅವಳು ಬರೆದದ್ದಿಷ್ಟು:
ಮಗು ಬಾಯಿ ತೆರೆಯುವ ಮೊದಲೇ
ಉತ್ತರ ನೀವೇ ಹೇಳಿಬಿಡುತ್ತೀರಿ.

ಈಗ ನಾಲ್ಕನೆಯ ವರ್ಷ. ನಮೂನೆ ಇನ್ನೂ ಇದೆ,
ರಾತ್ರಿ ಕೂತು ತುಂಬಿಸುತ್ತೇನೆ, ಸುಳ್ಳೇಕೆ.
ಹಗಲು ಹಿಂದಿನ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ.
ಕೈ ಇವತ್ತಿಗೂ ತಾನಾಗಿ ಏಳುತ್ತದೆ;
ಅದರ ಮೇಲೆ ಕೂರುತ್ತೇನೆ.

ಅವಳು ಕೇಳುತ್ತಾಳೆ: ಒಂದು ಮೂಟೆ ಆಲೂಗೆಡ್ಡೆ
ಇಬ್ಬನಿಯಲ್ಲಿ ಹೆಪ್ಪುಗಟ್ಟಿ, ತುಳಿದು, ಒಣಗಿ
ಕಾಲುಮೂಟೆ ಚುನ್ಯೊ ಆದರೆ, ಹೋದದ್ದೆಷ್ಟು?
ಯಾರೂ ಇಲ್ಲ.
ಗಾಳಿಗೆ ತಗಡು ಎರಡು ಸಲ ಬಡಿಯಿತು.
ಕೊನೆಗೆ ವಿಲ್ಬೆರ್, ಮನೆಮಾತು ಕ್ವೆಚುವಾದಲ್ಲಿ:
ಹೋದದ್ದು ನೀರು, ಟೀಚರ್. ಮುಕ್ಕಾಲು ಮೂಟೆ ನೀರು.

ಊಟದ ಹೊತ್ತಿಗೆ ಅವಳೇ ಕೇಳಿದಳು, ಏನು ಕಂಡಿರಿ?
ಪುಸ್ತಕ ತೋರಿಸಿದೆ. ಒಂದೇ ಸಾಲು:
ಒಂಬತ್ತು ಸೆಕೆಂಡು ಕಾದಿರಿ.

ಹನ್ನೊಂದು, ಅಂದಳು.
ನಾನೂ ಎಣಿಸುತ್ತಿದ್ದೆ.