ತಿರುಳಿನ ವರುಷ

ಗುನ್‌ವೋರ್ ಕೇಳಿದ್ದು ಒಂದೇ ಮಾತು: ಮನೆಗೆ ನೋವಾಗುತ್ತಾ?
ಬೈರಿಗೆ ಬೆರಳಿಗಿಂತ ಸಣ್ಣದು, ಅಂದೆ,
ತೂತಿಗೆ ಬೆಣೆ ಬಡಿದೇ ಹೋಗುತ್ತೇನೆ.
ಟೆಲೆಮಾರ್ಕಿನ ಇಳಿಜಾರು. ಮೇ ಬಂದರೂ
ಬಡಗಣ ಗೋಡೆಯ ಬುಡದಲ್ಲಿ ಕೊಳೆ ಹಿಡಿದ ಹಿಮ.

ದಿಮ್ಮಿಯ ಮೇಲೆ ದಿಮ್ಮಿ, ಮೂಲೆಯಲ್ಲಿ
ಕೈಬೆರಳು ಹೆಣೆದು ಕೂತವರ ಹಾಗೆ.
ಬಾಗಿಲ ನೆತ್ತಿಯಲ್ಲಿ ಕೆತ್ತಿದ ಇಸವಿ ೧೬೯೨.
ಅವಳ ಮಾವ ತಾಲಾಕ್ ಅದನ್ನು ತೋರಿಸದೆ
ಯಾರಿಗೂ ಕಾಫಿ ಕೊಟ್ಟವನಲ್ಲವಂತೆ.
ಅದು ಬಾಗಿಲಿನ ವಯಸ್ಸು, ಮನೆಯದಲ್ಲ.

ಆರು ದಿಮ್ಮಿ, ಆರು ಕಡ್ಡಿ.
ಉಪ್ಪುಕಾಗದದಲ್ಲಿ ಉಜ್ಜಿದೆ, ಜೇನಿನ ಬಣ್ಣ ಏಳುವ ತನಕ.
ಮೂರು ತೆಳು, ಒಂದು ದಪ್ಪ, ಮತ್ತೆರಡು ಕೂದಲೆಳೆ:
ಕಣಿವೆಯ ಚರ್ಚಿನ ತೊಲೆಗಳ ಪಕ್ಕ ಇಟ್ಟು ಜರುಗಿಸಿ, ಜರುಗಿಸಿ,
ಜಾತಕ ಕೂಡಿಸುವವರ ತಾಳ್ಮೆಯಲ್ಲಿ
ಒಂದು ರಾತ್ರಿ ಎಲ್ಲ ಮನೆಗಳೂ ಕೂಡಿಬಂದವು.

ಒಂದರಲ್ಲಿ ತೊಗಟೆ ಉಳಿದಿತ್ತು, ಪುಣ್ಯ.
ಕಡೆಯ ಉಂಗುರ ಪೂರಾ ತುಂಬಿ ಕಂದಾಗಿ ಮುಗಿದಿದೆ:
೧೫೪೭ರ ಬೇಸಿಗೆ ಕಂಡ ಮರ ಮುಂದಿನದನ್ನು ಕಾಣಲಿಲ್ಲ.
ಆ ಚಳಿಗಾಲ ಕೊಡಲಿ ಬಿತ್ತು.
ನನ್ನ ಕೆಲಸ ಇಲ್ಲಿಗೆ ಮುಗಿಯಬೇಕು.

ಸುಮ್ಮನೆ ಒಳಮುಖವಾಗಿ ಎಣಿಸುತ್ತ ಹೋದೆ.
ನೂರ ಎಂಬತ್ತೇಳಕ್ಕೆ ತಿರುಳು. ೧೩೬೧.
ಸಸಿ ಎದೆಯೆತ್ತರ ಬರುವ ಆರೇಳು ವರ್ಷ ಇನ್ನೂ ಕಳೆಯಬೇಕು.
ತಿರುಳಿನ ಸುತ್ತ ಉಂಗುರಗಳು ಅಗಲ,
ಹೊಟ್ಟೆ ತುಂಬ ಉಂಡ ಕೂಸಿನ ತೋಳಿನ ಮಡಿಕೆಗಳು.
ಕಾಡಿನ ಪೈನ್ ಹೀಗೆ ಬೆಳೆಯುವುದಿಲ್ಲ;
ಅದು ದೊಡ್ಡವರ ನೆರಳಲ್ಲಿ ಹಸಿದು, ಬಿಸಿಲಿಗೆ ಕತ್ತು ಚಾಚಿ ಬರುತ್ತದೆ.
ಇದಕ್ಕೆ ನೆರೆಯವರೇ ಇರಲಿಲ್ಲ.
ಆರಕ್ಕೆ ಆರೂ ಹೀಗೇ, ಒಂದೇ ಪ್ರಾಯ.

ಬಯಲಲ್ಲಿ ಹುಟ್ಟಿದ್ದು.
ಹೊಲದಲ್ಲಿ.
ಉಳುವವರಿದ್ದರೆ ಮೊದಲ ಸಾಲಿಗೇ ಸಾಯುತ್ತಿತ್ತು.

ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ,
ಆಮೇಲೆ ಅಜ್ಜಿಯ ಮಾತು: ಕರಿಮಾರಿ ಹಲುಬೆ ಹಿಡಿದು ಬಂದರೆ
ಹಲ್ಲಿನ ಸಂದಿಯಲ್ಲಿ ಒಬ್ಬಿಬ್ಬರು ಉಳಿಯುತ್ತಾರೆ,
ಪೊರಕೆ ಹಿಡಿದು ಬಂದರೆ
(ಅಷ್ಟಕ್ಕೇ ನಿಲ್ಲಿಸುತ್ತಿದ್ದಳಂತೆ ಅಜ್ಜಿ.)

ನಮ್ಮ ಜಾಗದ ಹೆಸರು ಓಯ್‌ಗಾರ್ಡೆನ್, ಅಂದಳು.
ಓಯ್ ಎಂದರೆ ದ್ವೀಪ ಅಂತ ನಂಬಿ
ಮದುವೆಯಾಗಿ ಬಂದ ದಿನ ನೀರು ಹುಡುಕಿದ್ದೆ.
ದ್ವೀಪವಲ್ಲ ಅದು, ಓಯ್ಡೆ: ಪಾಳು, ಬೇಚರಾಕು,
ದೀಪ ಹಚ್ಚುವವರಿಲ್ಲದ ಜಾಗ.
ಅಂಚೆಪೆಟ್ಟಿಗೆಯ ಮೇಲೆ ನಾನೇ ಬರೆದಿದ್ದೇನೆ, ಬಿಳಿ ಬಣ್ಣದಲ್ಲಿ.

ವರದಿಯಲ್ಲಿ ೧೫೪೮ ಮಾತ್ರ ಇರುತ್ತದೆ, ಅಂದೆ.
ಇರಲಿ. ಆ ಮೊದಲಿನವರು, ಏನು ಬೆಳೆಯುತ್ತಿದ್ದರು ಇಲ್ಲಿ?
ಬಾರ್ಲಿ ಇರಬೇಕು. ನನಗೆ ಗೊತ್ತಿರುವುದು
ಅಗಲದ ಆ ಉಂಗುರಗಳು ಹೇಳಿದಷ್ಟು:
ಗೊಬ್ಬರ ಚೆನ್ನಾಗಿ ಹಾಕಿದ್ದರು.