ಲೆಕ್ಕಕ್ಕಿಲ್ಲದ ನೀರು

ಬಿರ್ಕತ್ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬ್ರೇಕು ಒತ್ತಿಸಿ ನೋಡುತ್ತಾರೆ,
ಆಮೇಲೆ ಬರೀ ಏರು, ಮೊದಲ ಗೇರು.
ನನ್ನ ಬೆನ್ನಿಗೆ ಐದು ಸಾವಿರ ಗ್ಯಾಲನ್ ಸಮುದ್ರ,
ಉಪ್ಪು ಕಳಚಿಟ್ಟು ಬಂದದ್ದು,
ಜಬಲ್ ಅಖ್ದರಿನ ಹೊಸ ಹೋಟೆಲಿನ ಈಜುಕೊಳಕ್ಕೆ.

ಕೊಳ ತುಂಬುವವರೆಗೆ ನನಗೆ ಕೆಲಸವಿಲ್ಲ.
ಕೆಳಗೆ ಕೊರಕಲಿನುದ್ದ ಮೆಟ್ಟಿಲು ಮೆಟ್ಟಿಲಾಗಿ ಹೊಲ,
ಚಾಪೆಯಷ್ಟು ಒಂದು, ಬಾಗಿಲಷ್ಟು ಒಂದು,
ಕೊಂಚ ಅಗಲವಾದದ್ದರಲ್ಲಿ ಎರಡು ದಾಳಿಂಬೆ, ಅಂಚಿಗೆ ಗುಲಾಬಿ.
ಬಂಡೆಗೆ ಮಣ್ಣು ಹುಟ್ಟುವುದಿಲ್ಲ;
ಕತ್ತೆ ಹೊತ್ತದ್ದು,
ಕತ್ತೆ ಹತ್ತದ ಕಡೆ ಹೆಂಗಸರು ಹೊತ್ತದ್ದು
ಎನ್ನುತ್ತಾನೆ ಖಲ್ಫಾನ್ ಬಿನ್ ಜಹ್ರಾನ್,
ಊರಿನ ಫಲಜ್ ಕಾಲುವೆ ಕಾಯುವವನು.

ಅವನ ಗಡಿಯಾರ ಒಂದು ಕೋಲು, ಸುತ್ತ ಕಲ್ಲು.
ನೆರಳು ಈ ಕಲ್ಲಿಂದ ಆ ಕಲ್ಲಿಗೆ ಬಂದರೆ ಒಂದು ಅಥರ್,
ಅರ್ಧ ಗಂಟೆ.
ಅಷ್ಟು ಹೊತ್ತು ನೀರು ವಿಧವೆ ಮೌಜಾಳದ್ದು.
ಆಮೇಲೆ ಅವಳೇ ಚಿಂದಿ ತುರುಕಿ, ಚಪ್ಪಟೆ ಕಲ್ಲಿಟ್ಟು
ಮಡಿಯ ಬಾಯಿ ಮುಚ್ಚುತ್ತಾಳೆ,
ಯಾರೂ ಹೇಳಬೇಕಿಲ್ಲ.
ಮೊದಲು ಕುಡಿಯಲು, ಆಮೇಲೆ ಮಸೀದಿಗೆ, ಮಿಕ್ಕದ್ದು ಬೇರಿಗೆ.
ಬರದ ವರ್ಷ ಗೋಧಿ ಬಿಡುತ್ತಾರೆ, ಮರವನ್ನು ಬಿಡುವುದಿಲ್ಲ.
ರಾತ್ರಿಯ ಸರದಿಗೆ ನಕ್ಷತ್ರ.
‘ಮೋಡ ಕವಿದರೆ?’ ಕೇಳಿದೆ.
‘ಮೋಡ ಕವಿದರೆ ನೀರಿಗೆ ಜಗಳವೇಕೆ?’ ಅಂದ.

ಒಂದು ದಿನ ಟ್ಯಾಂಕರಿನ ಹೊಟ್ಟೆ ತಟ್ಟಿ ಕೇಳಿದ:
‘ಇದು ಎಷ್ಟು ಅಥರ್? ಯಾರ ಸರದಿ?’
ನನ್ನ ಹತ್ತಿರ ಇದ್ದದ್ದು ಚಲನ್,
ಅದರಲ್ಲಿ ಆ ಕಾಲಂ ಇಲ್ಲ.

ಅವನ ಕಣ್ಣು ಆಗಲೇ ಕೆಳಗೆ,
ಹಿಂದಿನ ವಾಲ್ವಿನಿಂದ ತೊಟ್ಟು, ತೊಟ್ಟು, ಡಾಂಬರಿನ ಮೇಲೆ.
ಬೈಯಲಿಲ್ಲ.
ಕುಂಟಾಬಿಲ್ಲೆಗೆ ಹಟ ಮಾಡಿ ಬಂದ ಪುಟ್ಟ ತಂಗಿಯನ್ನು
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ನಾವು ಸೇರಿಸಿಕೊಳ್ಳುತ್ತಿದ್ದೆವಲ್ಲ,
ಹಾಗೆ ನೋಡಿದ.

ಮುಂದಿನ ವಾರ, ನಾನು ಗಾಡಿ ನಿಲ್ಲಿಸುವ ಅಂಚಿನಲ್ಲಿ
ಕಿರುಬೆರಳಗಲದ ಕಾಲುವೆ, ಗಾರೆ ಮೆತ್ತಿದ್ದು,
ಗೋಡೆಯ ಸಂದಿಯಲ್ಲಿ ನುಸುಳಿ
ಕರವಸ್ತ್ರದಷ್ಟು ಮಣ್ಣಿಗೆ ಇಳಿದಿತ್ತು.
ಅದರಾಚೆಯ ವಾರ ಏನೂ ಇಲ್ಲ.
ಆಮೇಲೆ ಬೆಳ್ಳುಳ್ಳಿ ಮೊಳಕೆ.
ಹನ್ನೊಂದು; ಎರಡು ಸಲ ಎಣಿಸಿದೆ.

ಫೋರ್‌ಮನ್ ಪೌಲೋಸ್ ಹೊಸ ವಾಷರ್ ಕೊಟ್ಟು ಎರಡು ತಿಂಗಳು.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ,
ತಿರುವಿನಲ್ಲಿ ಆಚೆ ಈಚೆ ಉರುಳಿ ಸದ್ದು ಮಾಡುತ್ತದೆ.
ಹಾಕುತ್ತೇನೆ, ಹಾಕಬೇಕು.
ಸದ್ಯ ಹಿಂದಿನ ಚಕ್ರವನ್ನು
ಒಂದು ಗೇಣೂ ತಪ್ಪದ ಹಾಗೆ
ಅದೇ ಗೆರೆಗೆ ತಂದು ನಿಲ್ಲಿಸುತ್ತೇನೆ.